ಅಳೆಯಬಲ್ಲ ಮಕ್ಕಳು

ಪಿ.ಯು. ಫಲಿತಾಂಶ ಹೊರಬಿದ್ದು ಸಿಇಟಿ ಸೀಟುಗಳ ಹಂಚಿಕೆ ನಡೆಯುವ ದಿನಗಳಲ್ಲಿ ನಾಡಿನ ಯಾವ ಊರಿಗೆ ಹೋದರೂ ಮನೆಮನೆಯ ಮಾತು ಒಂದೇ ಆಗಿರುತ್ತದೆ. ಮಗಳಿಗೆ ಯಾವ ವಿಭಾಗ ಸಿಕ್ಕಿತು, ಮಗನಿಗೆ ಎಲ್ಲಿ ಸೀಟು ದೊರೆಯಿತು, ಓದು ಮುಗಿದ ಮೇಲೆ ಯಾವ ಕೆಲಸ ಸಿಗುತ್ತದೆ? ವಿಜ್ಞಾನ ಓದಿಸುವುದೆಂದರೆ ಮಕ್ಕಳನ್ನು ಒಂದು ನೌಕರಿಯ ಬಾಗಿಲಿನವರೆಗೆ ಕರೆದೊಯ್ದು ಬಿಡುವುದು ಎಂಬ ನಂಬಿಕೆ ಮಲೆನಾಡಿನ ತಾಯ್ತಂದೆಯರಲ್ಲಿಯೂ ಇದೆ, ಬಯಲುಸೀಮೆಯವರಲ್ಲಿಯೂ ಇದೆ. ಈ ಸಂಚಿಕೆಯಲ್ಲಿ ನಾವು ಬಯಲುಸೀಮೆಯ ಮೂರು ಊರುಗಳನ್ನು, ಎಂದರೆ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡನ್ನು, ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಪರಿಶೀಲಿಸಬಯಸುತ್ತೇವೆ.

ಗುಡ್ಡಗಾಡಿನ ಪತ್ರಿಕೆಗೆ ಬಳ್ಳಾರಿಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ತುಂಗೆ, ಭದ್ರೆಗಳೆರಡೂ ನಮ್ಮ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಯ ಅಣೆಕಟ್ಟನ್ನು ಸೇರುತ್ತವೆ. ಅಲ್ಲಿಂದ ಬಲದಂಡೆಯ ಕಾಲುವೆಗಳ ಮೂಲಕ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಗಳ ಹೊಲಗಳಿಗೆ ಹರಿಯುತ್ತವೆ. ಅವರು ಹಗರಿ ಎಂದು ಕರೆಯುವ ಹೊಳೆ ನಮ್ಮ ಚಂದ್ರದ್ರೋಣ ಪರ್ವತದಿಂದ ಇಳಿದು ಹೋದ ವೇದಾವತಿಯೇ. ಅದು ಚಿತ್ರದುರ್ಗದ ಬಯಲನ್ನು ದಾಟಿ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಹೀಗೆ ನಮ್ಮ ಗುಡ್ಡದ ಎರಡೂ ಮಗ್ಗುಲಿನ ನೀರು ಅಲ್ಲಿ ಸಂಧಿಸುತ್ತದೆ. ನೀರಿನ ಜತೆಗೆ ನಮ್ಮ ಮಣ್ಣೂ ಹೋಗುತ್ತದೆ ಎಂಬುದನ್ನು ಮುಂದೆ ನೋಡೋಣ. ಇನ್ನು ಕಬ್ಬಿಣದ ಅದಿರಿನ ನೆಂಟಸ್ತಿಕೆಯಂತೂ ಇದ್ದೇ ಇದೆ. ಕುದುರೆಮುಖದ ಗಣಿ ನಿಲ್ಲಬೇಕೆಂದು 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿ, 2005ರ ಕೊನೆಗೆ ಅಲ್ಲಿ ಅಗೆತ ನಿಂತಾಗ ನಾವು ಹಿಗ್ಗಿದೆವು. ಅದೇ ವರ್ಷಗಳಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳು ಲಾರಿ ಲಾರಿಯಾಗಿ ಬಂದರುಗಳ ಕಡೆಗೆ ಸಾಗತೊಡಗಿದ್ದವು.

ಕೌಲ್ ಬಜಾರಿನ ಓಣಿಗಳಲ್ಲಿ ದಿನವಿಡೀ ಜೀನ್ಸ್ ಹೊಲಿಯುವ ತಾಯಿಗೆ ತನ್ನ ಮಗಳು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸುವುದು ಬೇಡ, ಕಂಪ್ಯೂಟರಿನ ಮುಂದೆ ಕೂರಲಿ ಎಂಬ ಆಸೆ. ಸಿರುಗುಪ್ಪದ ಭತ್ತದ ರೈತನಿಗೆ ಹೊಲದ ಸಾಲ ತನ್ನ ಕಾಲಕ್ಕೇ ಮುಗಿಯಲಿ, ಮಗ ಎಂಜಿನಿಯರ್ ಆಗಿ ಬೆಂಗಳೂರು ಸೇರಲಿ ಎಂಬ ಆಸೆ. ಕುರುಗೋಡಿನ ಕಡೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆಕೊಳವೆ, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹೊಗೆಕೊಳವೆ ದೂರದ ಸಂಗತಿಗಳಲ್ಲ. ಆ ಗೇಟಿನೊಳಗೆ ಗುತ್ತಿಗೆ ಕೂಲಿಯಾಗಿ ಹೋಗುವುದಕ್ಕೂ ಕಾಯಂ ನೌಕರನಾಗಿ ಹೋಗುವುದಕ್ಕೂ ಇರುವ ಅಂತರವನ್ನು ಅವರು ಕಣ್ಣಾರೆ ಕಂಡವರು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಹಿಂದುಳಿದ ಈ ಭಾಗದ ಮಕ್ಕಳಿಗೆ ವೃತ್ತಿ ಕಾಲೇಜುಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲು ಸ್ಥಾನಗಳು ದೊರೆತು ಈ ಆಸೆಗೆ ಒಂದು ಗಟ್ಟಿ ನೆಲೆಯೂ ಸಿಕ್ಕಿತು.

ಈ ಆಸೆಯನ್ನು ಹಗುರಾಗಿ ಕಾಣುವ ಅಧಿಕಾರ ನಮ್ಮಂಥ ಪರಿಸರವಾದಿಗಳಿಗೆ ಇಲ್ಲ. ಸಂಬಳದ ಭದ್ರತೆಯಲ್ಲಿ ಕುಳಿತು ಅನ್ಯರ ಮಕ್ಕಳಿಗೆ ಹೊಲ, ಹಳ್ಳಿ, ಸರಳ ಬದುಕುಗಳ ಉಪದೇಶ ಮಾಡುವವರನ್ನು ಚಳವಳಿಯ ಸಭೆಗಳಲ್ಲಿ ನಾವು ಸಾಕಷ್ಟು ನೋಡಿದ್ದೇವೆ. ಗಣಿಯ ಉಬ್ಬರದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ಕಡೆ ಶಾಲೆಯ ವಯಸ್ಸಿನ ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದುದು ಆ ಕಾಲದಲ್ಲೇ ವರದಿಯಾಗಿದೆ. ಆ ಸುತ್ತಿಗೆಯನ್ನು ಮಕ್ಕಳ ಕೈಯಿಂದ ಬಿಡಿಸಿ ಪುಸ್ತಕ ಕೊಡಬೇಕೆಂದು ಹಂಬಲಿಸಿದ ಹೆತ್ತವರ ಮುಂದೆ ನಾವು ತಲೆಬಾಗಬೇಕು. ನಮ್ಮ ಪ್ರಶ್ನೆ ಬೇರೆ. ಆ ಪುಸ್ತಕದಿಂದ ಮಗುವಿನ ಕೈಗೆ, ಕಣ್ಣಿಗೆ ಏನು ಬಂತು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಸಿರುಗುಪ್ಪದಿಂದ ರಾಯಚೂರಿನವರೆಗೆ, ಆಚೆ ಆಂಧ್ರದ ಕರ್ನೂಲಿನವರೆಗೆ ರೈತರು ಆಗತಾನೇ ನಾಟಿಯ ಕೆಲಸದಲ್ಲಿದ್ದರು. ಒಂದು ಗೇಟಿನ ಕಿಂಡಿಯಿಂದ ನೀರು ಧುಮುಕುತ್ತಿರುವಾಗ, ಒತ್ತಡವನ್ನು ಹಂಚಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು. ಅಣೆಕಟ್ಟಿನಲ್ಲಿ ಬದಲಿ ಗೇಟು ಸಿದ್ಧವಿರಲಿಲ್ಲ. ಆಗ ಕರೆ ಹೋದದ್ದು ಗೇಟುಗಳ ಕೆಲಸದಲ್ಲಿ ಜೀವಮಾನ ಕಳೆದು ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಎಂಬ ಹಿರಿಯ ತಂತ್ರಜ್ಞರಿಗೆ. ಅವರ ಸಲಹೆಯಂತೆ ಉಕ್ಕಿನ ಅಡ್ಡಹಲಗೆಗಳನ್ನು, ಎಂದರೆ ಸ್ಟಾಪ್ ಲಾಗ್‌ಗಳನ್ನು, ತುಂಡುತುಂಡಾಗಿ ತಯಾರಿಸಿ, ನೀರು ಹರಿಯುತ್ತಿರುವಂತೆಯೇ ಕ್ರೇನಿನಿಂದ ಕಿಂಡಿಗೆ ಇಳಿಸಿ ಕೂರಿಸಲಾಯಿತು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನ ಉಳಿದವು. ಆ ವರ್ಷದ ಮುಂಗಾರು ಬೆಳೆ ಉಳಿಯಿತು.

ಈ ಘಟನೆಯಲ್ಲಿ ಯಾರ ಯಾರ ಕೌಶಲವಿತ್ತು ಎಂದು ಎಣಿಸಿ ನೋಡಿ. ಲೆಕ್ಕ ಹಾಕಿದ ಎಂಜಿನಿಯರುಗಳಿದ್ದರು, ನಿಜ. ಅವರ ಜತೆಗೆ ಉಕ್ಕನ್ನು ಅಳತೆಗೆ ಸರಿಯಾಗಿ ಕತ್ತರಿಸಿದವರು, ಹಗಲಿರುಳು ಬೆಸುಗೆ ಹಾಕಿದವರು, ರಭಸದ ನೀರಿನ ಮೇಲೆ ಟನ್ನುಗಟ್ಟಲೆ ಭಾರವನ್ನು ಅಂಗುಲದ ಲೆಕ್ಕದಲ್ಲಿ ಇಳಿಸಿದ ಕ್ರೇನ್ ಚಾಲಕರು, ಗೇಟಿನ ಮೇಲೆ ನಿಂತು ಕೊಂಡಿ ಜೋಡಿಸಿದ ಕಾರ್ಮಿಕರು ಇದ್ದರು. ಇವರಲ್ಲಿ ಎಷ್ಟು ಜನರ ಹೆತ್ತವರು ತಮ್ಮ ಮಗ ವೆಲ್ಡರ್ ಆಗಲಿ ಎಂದು ಹಾರೈಸಿದ್ದರು? ಐಟಿಐ ಎಂದರೆ ಎಲ್ಲಿಯೂ ಸಲ್ಲದವರು ಹೋಗುವ ಜಾಗ ಎಂಬ ಭಾವನೆಯನ್ನು ನಾವೆಲ್ಲರೂ ಸೇರಿಯೇ ಬೆಳೆಸಿದ್ದೇವೆ. ಹೊಸದನ್ನು ಕಟ್ಟುವವನಿಗೆ ಸನ್ಮಾನ, ಕಟ್ಟಿದ್ದನ್ನು ವರ್ಷವರ್ಷವೂ ಪರೀಕ್ಷಿಸಿ ಎಣ್ಣೆ ಹಾಕುವವನಿಗೆ ಅನಾಮಿಕತೆ. ಎಪ್ಪತ್ತು ವರ್ಷ ದಾಟಿದ ಒಂದು ಅಣೆಕಟ್ಟಿನ ಸರಪಳಿಯ ಆಯಸ್ಸನ್ನು ಅಳೆಯುವ ವಿದ್ಯೆ ಯಾವ ಪೋಷಕರ ಕನಸಿನಲ್ಲಿಯೂ ಇಲ್ಲ. 2025ರಲ್ಲಿ, ಹಳೆಯ ಗೇಟುಗಳ ಭಯದಿಂದ, ಜಲಾಶಯವನ್ನು ತುಂಬಿಸದೆ 80 ಟಿಎಂಸಿ ಮಟ್ಟದಲ್ಲಿಯೇ ನಿಲ್ಲಿಸಬೇಕಾಯಿತು. ಆಕಾಶ ಕೊಟ್ಟ ನೀರನ್ನು ಇಟ್ಟುಕೊಳ್ಳಲಾಗದ ಆ ವರ್ಷವನ್ನು ಸಿರುಗುಪ್ಪದ ರೈತರು ಬೇಗ ಮರೆಯಲಾರರು.

ಸಿರುಗುಪ್ಪದವರಿಗೆ ನೀರಿನ ವಿದ್ಯೆ ಹೊಸದೇನೂ ಅಲ್ಲ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆ ಆ ಊರಿನ ಹೆಸರನ್ನೇ ಹೊತ್ತು ಇಂದಿಗೂ ಹರಿಯುತ್ತಿದೆ. ಆದರೆ ಹೊಸ ಯೋಜನೆಯ ನೀರು ಬಂದ ಮೇಲೆ ಬೇರೊಂದು ಕಥೆ ಶುರುವಾಯಿತು. ತುಂಗಭದ್ರಾ ಅಚ್ಚುಕಟ್ಟಿನ ಬಹುಭಾಗವನ್ನು ಕಡಮೆ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಲಾಗಿತ್ತು. ಕಾಲುವೆಯ ತಲೆಯ ಕಡೆಯವರು ಭತ್ತ ಹಚ್ಚಿದರು. ತುದಿಯವರಿಗೆ ನೀರು ತಲುಪಲಿಲ್ಲ. ತಲೆಯ ಕಡೆಯ ಕಪ್ಪು ನೆಲ ಬಸಿಯದೆ ನಿಂತು ಸವುಳು-ಜವುಳಾಯಿತು. ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟಿದ ಎಕರೆಗಟ್ಟಲೆ ಹೊಲಗಳನ್ನು ಆ ಸೀಮೆಯಲ್ಲಿ ಸುತ್ತಾಡಿದವರೆಲ್ಲ ನೋಡಿರುತ್ತಾರೆ.

2015ರಿಂದ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುವ ಯೋಜನೆ ಬಂದಿದೆ. ಅದರಲ್ಲಿ ಹನ್ನೆರಡು ಅಂಶಗಳ ಲೆಕ್ಕವಿರುತ್ತದೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕದಿಂದ ಹಿಡಿದು ಸತು, ಬೋರಾನ್‌ವರೆಗಿನ ಪೋಷಕಾಂಶಗಳು. ಚೀಟಿ ಮನೆಗೆ ಬರುತ್ತದೆ, ಟ್ರಂಕು ಸೇರುತ್ತದೆ. ಅದೇ ಮನೆಯ ಮಗು ಎಸ್ಸೆಸ್ಸೆಲ್ಸಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆಯುತ್ತದೆ. ರಸಸಾರ 7ರಿಂದ 8ಕ್ಕೆ ಏರಿದರೆ ಕ್ಷಾರಗುಣ ಹತ್ತುಪಟ್ಟು ಹೆಚ್ಚಿದಂತೆ ಎಂಬುದು ಆ ಪಾಠದ ಸಾರ. ಟ್ರಂಕಿನೊಳಗಿನ ಚೀಟಿಯಲ್ಲಿ ರಸಸಾರ 8.5ನ್ನು ದಾಟಿದೆ, ಅಪ್ಪ ಪ್ರತಿವರ್ಷ ಸುರಿಯುವ ಗೊಬ್ಬರ ಅರ್ಧಕ್ಕರ್ಧ ವ್ಯರ್ಥವಾಗುತ್ತಿರಬಹುದು, ಮೊದಲು ಬೇಕಾದದ್ದು ಬಸಿಗಾಲುವೆ ಮತ್ತು ಜಿಪ್ಸಮ್ ಎಂದು ಆ ಮಗು ಹೇಳಬಲ್ಲುದೇ? ಹೇಳಿದರೆ ಅಪ್ಪ ಕೇಳುವನೇ? ಪಾಠ ಮಾಡಿದ ಮೇಷ್ಟ್ರಿಗೆ ಊರಿನ ಹೊಲಗಳಲ್ಲಿ ಇಂಥ ಚೀಟಿಗಳಿವೆ ಎಂಬುದು ಗೊತ್ತಿದೆಯೇ? ಸಿರುಗುಪ್ಪದಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವಿದೆ. ಹೈಸ್ಕೂಲಿನ ಒಂದು ತರಗತಿಯನ್ನು ಅಲ್ಲಿಗೆ ಕರೆದೊಯ್ದು, ಒಂದೊಂದು ಮಗು ತನ್ನ ಹೊಲದ ಒಂದು ಹಿಡಿ ಮಣ್ಣನ್ನು ತಾನೇ ಪರೀಕ್ಷಿಸುವಂತೆ ಮಾಡಲು ದೊಡ್ಡ ಅನುದಾನವೇನೂ ಬೇಡ. ಬಾಡಿಗೆಗೆ ಒಂದು ಬಸ್ಸು ಸಾಕು.

ಇದು ಕೃಷಿಕರ ಮಕ್ಕಳು ಕೃಷಿಕರಾಗಿಯೇ ಉಳಿಯಲಿ ಎಂಬ ವಾದವಲ್ಲ. ಆ ಮಗು ನಾಳೆ ಬೆಂಗಳೂರಿಗೆ ಹೋಗಲಿ, ಅಮೆರಿಕೆಗೇ ಹೋಗಲಿ. ಪುಸ್ತಕದ ಅಂಕಿಯೊಂದು ತನ್ನ ಮನೆಯ ನೆಲದ ಮೇಲೂ ನಿಲ್ಲುತ್ತದೆ ಎಂಬುದನ್ನು ಒಮ್ಮೆ ಕಂಡ ಮನಸ್ಸು ಮುಂದೆ ಯಾವ ಅಂಕಿಯನ್ನೂ ಕುರುಡಾಗಿ ನುಂಗುವುದಿಲ್ಲ. ಅದನ್ನೇ ನಾವು ವಿಜ್ಞಾನದ ಮೊದಲ ಕೌಶಲ ಎನ್ನುತ್ತೇವೆ. (ಕೌಶಲ ಎಂಬ ಮಾತು ಸರ್ಕಾರಿ ಸುತ್ತೋಲೆಗಳಲ್ಲಿ ಉರುಳಿ ಉರುಳಿ ಸವೆದುಹೋಗಿದೆ. ಮೂರು ತಿಂಗಳ ತರಬೇತಿ, ಒಂದು ಪ್ರಮಾಣಪತ್ರ, ಒಂದು ಫೋಟೋ. ನಾವು ಹಳೆಯ ಅರ್ಥದಲ್ಲಿಯೇ ಬಳಸುತ್ತಿದ್ದೇವೆ.)

ಅಂಕಿಯನ್ನು ಕುರುಡಾಗಿ ನುಂಗಿದ್ದಕ್ಕೆ ಬಳ್ಳಾರಿ ತೆತ್ತ ಬೆಲೆ ಸಣ್ಣದಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೂ ಕಾರ್ಖಾನೆಗೂ ಅನುಮತಿ ನೀಡುವ ಮುನ್ನ ಸ್ಥಳೀಯರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ಇರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಸಿಗಬೇಕು. ಸಾರಾಂಶವೇನೋ ಕನ್ನಡದಲ್ಲಿ ಸಿಗುತ್ತದೆ. ಅಸಲು ವರದಿ ನೂರಾರು ಪುಟಗಳ ಇಂಗ್ಲಿಷ್; ಅದರ ಜೀವ ಅಡಗಿರುವುದು ಕೊನೆಯ ಕೋಷ್ಟಕಗಳಲ್ಲಿ. ಗಾಳಿಯಲ್ಲಿನ ಸೂಕ್ಷ್ಮ ಧೂಳು ಒಂದು ದಿನದ ಸರಾಸರಿಯಲ್ಲಿ ಪ್ರತಿ ಘನಮೀಟರಿಗೆ 100 ಮೈಕ್ರೊಗ್ರಾಮ್ ಮೀರಬಾರದೆಂದು 2009ರ ರಾಷ್ಟ್ರೀಯ ಮಾನಕ ಹೇಳುತ್ತದೆ. ವರದಿಯಲ್ಲಿ ಆ ಅಂಕಿ ಎಲ್ಲಿದೆ, ಯಾವ ತಿಂಗಳಲ್ಲಿ ಅಳೆದರು, ಮಳೆಗಾಲದಲ್ಲಿ ಅಳೆದರೋ ಬೇಸಗೆಯಲ್ಲೋ, ಲಾರಿ ಓಡುವ ರಸ್ತೆಯ ಪಕ್ಕದಲ್ಲೋ ಊರಾಚೆಯ ತೋಟದಲ್ಲೋ? ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಪಿ.ಯು. ವಿಜ್ಞಾನ ಸಾಕು. ಆದರೆ ಅಂಥ ಸಭೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಎರಡೇ ದನಿ: ನಮ್ಮೂರ ಹುಡುಗರಿಗೆ ಕೆಲಸ ಕೊಡಿ ಎಂಬುದೊಂದು, ನಮಗೆ ಯೋಜನೆಯೇ ಬೇಡ ಎಂಬುದು ಇನ್ನೊಂದು. ಎರಡನ್ನೂ ಅಧಿಕಾರಿಗಳು ಬರೆದುಕೊಳ್ಳುತ್ತಾರೆ, ಎರಡಕ್ಕೂ ಸಿದ್ಧ ಉತ್ತರ ಇರುತ್ತದೆ. ಕೋಷ್ಟಕದ ಪ್ರಶ್ನೆಗೆ ಮಾತ್ರ ಸಿದ್ಧ ಉತ್ತರ ಇರುವುದಿಲ್ಲ.

ಬಳ್ಳಾರಿಯ ಗಣಿ ಹಗರಣ ಕೊನೆಗೆ ಬಗೆಹರಿದ ಬಗೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳು 2008ರಲ್ಲಿ ಮತ್ತು 2011ರಲ್ಲಿ ಬಂದವು; ಸಮಾಜ ಪರಿವರ್ತನ ಸಮುದಾಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು; 2011ರ ಜುಲೈ 29ರಂದು ಜಿಲ್ಲೆಯಲ್ಲಿ ಗಣಿಗಾರಿಕೆ ನಿಂತಿತು. ಇವೆಲ್ಲ ಓದುಗರಿಗೆ ತಿಳಿದದ್ದೇ. ಆದರೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಲು ಆಧಾರವಾದದ್ದು ಭಾಷಣಗಳಲ್ಲ, ಭೂಮಾಪನ. ಜಂಟಿ ತಂಡಗಳು ಗುತ್ತಿಗೆಯ ಎಲ್ಲೆಯನ್ನು ಅಳೆದು, ಎಲ್ಲೆ ಮೀರಿ ಎಷ್ಟು ಅಗೆದಿದ್ದಾರೆ, ಮಣ್ಣಿನ ರಾಶಿಯನ್ನು ಎಲ್ಲಿ ಸುರಿದಿದ್ದಾರೆ ಎಂದು ನಕ್ಷೆಯ ಮೇಲೆ ತೋರಿಸಿದವು. ರಾತ್ರೋರಾತ್ರಿ ಗಡಿಕಲ್ಲು ಮಾಯವಾಗುತ್ತಿದ್ದ ಕಾಲದಲ್ಲಿ ಊರಿನವರು ಬಾಯಲ್ಲಿ ಹೇಳುತ್ತಿದ್ದುದೂ ಅದನ್ನೇ. ಬಾಯಿಮಾತು ಕಾಗದವಾಗಲಿಲ್ಲ. ಸರ್ವೆ ನಕ್ಷೆ ಓದಬಲ್ಲ, ಟೇಪು ಹಿಡಿದು ಗಡಿ ಗುರುತಿಸಬಲ್ಲ ನಾಲ್ಕು ಹುಡುಗ ಹುಡುಗಿಯರು ಗುಡ್ಡದ ಒಂದೊಂದು ಹಳ್ಳಿಯಲ್ಲಿ ಇದ್ದಿದ್ದರೆ, ಆ ಕಾಗದ ಕೆಲವು ವರ್ಷ ಮೊದಲೇ ಹುಟ್ಟುತ್ತಿತ್ತೋ ಏನೋ.

ನಗರದ ಜೀನ್ಸ್ ಉದ್ಯಮದ್ದೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ. ಬಟ್ಟೆಯ ನೀಲಿಯನ್ನು ತೆಳುಗೊಳಿಸುವ ತೊಳೆಯುವ ಘಟಕಗಳಲ್ಲಿ ಬ್ಲೀಚು, ಪರ್ಮ್ಯಾಂಗನೇಟು ಬಳಕೆಯಾಗುತ್ತವೆ. ಅದನ್ನು ಸಿಂಪಡಿಸುವ ಹುಡುಗ ಶಾಲೆಯ ಪ್ರಯೋಗಾಲಯದಲ್ಲಿ ಅದೇ ನೇರಳೆ ದ್ರವವನ್ನು ಕಂಡಿದ್ದಾನು. ಕೈಗವಸು, ಮುಖಗವಸು ಏಕೆಂದು ಯಾರೂ ಅವನಿಗೆ ಜೋಡಿಸಿ ಹೇಳಿರಲಾರರು.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರ ಹಂಬಲಕ್ಕೆ ಒಂದು ಬೇಲಿ ಇದೆ. ಮಗಳು ಹತ್ತನೆಯ ತರಗತಿಯಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ವಿಜ್ಞಾನ ವಿಭಾಗಕ್ಕೆ ದೂರದ ಕಾಲೇಜಿಗೆ ಹೋಗಬೇಕು, ಪ್ರಯೋಗ ತರಗತಿ ಮುಗಿಸಿ ಬಸ್ಸು ಹತ್ತುವಾಗ ಸಂಜೆಯಾಗುತ್ತದೆ ಎಂಬ ಕಾರಣಕ್ಕೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದನ್ನು ಓದಲಿ ಎನ್ನುತ್ತಾರೆ. ಇದು ಕುರುಗೋಡಿನ ಹಳ್ಳಿಗಳಿಗೂ ಹೊಂದುತ್ತದೆ, ನಮ್ಮ ಘಟ್ಟದ ಒಂಟಿಮನೆಗಳಿಗೆ ಇನ್ನೂ ಹೆಚ್ಚು ಹೊಂದುತ್ತದೆ. ಮನೆಯಲ್ಲಿ ನೀರು ತರುವವರು, ನೀರು ಕಾಯಿಸುವವರು, ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಗೆರೆಯನ್ನು ಮೊದಲು ಕಾಣುವವರು ಹೆಂಗಸರು. ಕೊಳವೆಬಾವಿಯ ನೀರಿನ ಪರೀಕ್ಷೆಯ ವಿದ್ಯೆ ಮೊದಲು ಸೇರಬೇಕಾದದ್ದು ಅವರ ಕೈಗೆ. ಬಸ್ಸಿನ ವೇಳೆಯೂ ವಿಜ್ಞಾನ ಶಿಕ್ಷಣದ ನೀತಿಯೇ ಎಂಬುದನ್ನು ಶಿಕ್ಷಣ ಇಲಾಖೆ ಸಾರಿಗೆ ಸಂಸ್ಥೆಗೆ ತಿಳಿಸುವುದು ಯಾವಾಗ?

ಹಾಗೆಂದು ಶಾಲೆಗಳನ್ನೇ ದೂರುವುದೂ ಸರಿಯಲ್ಲ. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶಗಳಲ್ಲಿ ನಮ್ಮ ನಾಡಿನ ಹಳ್ಳಿಯ ಮಕ್ಕಳು ತಮ್ಮೂರಿನ ಕೆರೆ, ಕಸ, ಬೆಳೆಗಳನ್ನು ಕುರಿತು ಮಾಡಿದ ಅಧ್ಯಯನಗಳು ಎಷ್ಟೋ ಕಾಲೇಜು ಪ್ರಬಂಧಗಳಿಗಿಂತ ಮೇಲಾಗಿದ್ದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂಬುದನ್ನು ತಲೆಮಾರುಗಳಿಗೆ ತೋರಿಸಿದೆ. ಕೊರತೆ ಇರುವುದು ಹೆತ್ತವರ ಬೇಡಿಕೆಯಲ್ಲಿ. ಶಾಲೆಗೆ ಬಂದ ತಂದೆ ಅಂಕಪಟ್ಟಿ ನೋಡುತ್ತಾನೆ, ಶುಲ್ಕ ವಿಚಾರಿಸುತ್ತಾನೆ, ಇಂಗ್ಲಿಷ್ ಮಾಧ್ಯಮ ಯಾವಾಗ ಎಂದು ಕೇಳುತ್ತಾನೆ. ಪ್ರಯೋಗಾಲಯದ ಬೀಗ ಯಾವಾಗ ತೆಗೆಯುತ್ತೀರಿ ಎಂದು ಕೇಳುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಹೆತ್ತವರಿಗೆ ಸ್ಥಾನವಿದೆ, ದನಿಯಿದೆ. ಸುಣ್ಣಬಣ್ಣದ ಖರ್ಚಿನ ಜತೆಗೆ ಈ ಪ್ರಶ್ನೆಯನ್ನೂ ಸಭೆಯ ನಡವಳಿಯಲ್ಲಿ ಬರೆಸಬಹುದು. ಗಣಿ ಜಿಲ್ಲೆಗಳಲ್ಲಂತೂ ಖನಿಜ ಪ್ರತಿಷ್ಠಾನದ ಹಣ ಶಿಕ್ಷಣಕ್ಕೂ ಕೌಶಲಕ್ಕೂ ಮೀಸಲಿದೆ. ಅದು ಗೋಡೆ ಕಟ್ಟಲು ಮಾತ್ರ ಹೋಗಬೇಕೆಂದು ಎಲ್ಲಿಯೂ ಬರೆದಿಲ್ಲ.

ಬಳ್ಳಾರಿಗೆ ಹೋದವರು ಊರಿನ ಹೊರಗಿನ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳನ್ನು ನೋಡಿ ಬರಬೇಕು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಜನ ಡಾಲರೈಟ್ ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಸುತ್ತಲೂ ಗ್ರಾನೈಟಿನ ಬಂಡೆಗಳಿದ್ದರೂ ಅವುಗಳ ನಡುವೆ ಸೀಳಿನಂತೆ ಹಾದುಹೋದ ಕಪ್ಪು ಕಲ್ಲೇ ಕೊಡಲಿಗೆ ಸರಿ ಎಂದು ಅವರು ಕಂಡುಕೊಂಡಿದ್ದರು. ಹೊಡೆದರೆ ಗಂಟೆಯಂತೆ ನಾದ ಕೊಡುವ ಬಂಡೆಗಳನ್ನು ಗುರುತಿಸಿದ್ದರು. ನಮ್ಮ ಕಾಲದ ವಿದ್ಯಾವಂತರು ಆ ಗುಡ್ಡದಲ್ಲಿ ಕಂಡದ್ದು ಜಲ್ಲಿ. ಕಲ್ಲುಗಣಿಯವರಿಂದ ಆ ನೆಲೆಯನ್ನು ಉಳಿಸಿಕೊಳ್ಳಲು ಪುರಾತತ್ವಜ್ಞರು ವರ್ಷಗಟ್ಟಲೆ ಹೆಣಗಬೇಕಾಯಿತು. ಅಲ್ಲಿ ದೊರೆತ ವಸ್ತುಗಳ ಸಂಗ್ರಹಾಲಯ ಈಗ ನಗರದಲ್ಲಿದೆ, ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ. ಮಕ್ಕಳನ್ನು ಕರೆದೊಯ್ಯಿರಿ.

ಇನ್ನು ನಮ್ಮ ಮಣ್ಣಿನ ಮಾತು. ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ಗುಡ್ಡಗಳ ಪಾಲೂ ಇದೆ, ದಾರಿಯ ಬಯಲಿನ ಪಾಲೂ ಇದೆ. ಕುದುರೆಮುಖದ ವಾದದಲ್ಲಿ ಭದ್ರೆಗೆ ಇಳಿಯುವ ಹೂಳಿನ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. ಗಣಿ ನಿಂತ ಮೇಲೆ ನಾವು ಹೂಳನ್ನು ಮರೆತೆವು. ರಸ್ತೆ ಅಗಲಗೊಳಿಸಲು ಕಡಿದ ಧರೆ, ರೆಸಾರ್ಟಿಗೆ ಸಮಗೊಳಿಸಿದ ಗುಡ್ಡ, ಇಳಿಜಾರಿನಲ್ಲಿ ಜೆಸಿಬಿಯಿಂದ ತೆಗೆದ ಹೊಸ ತೋಟದ ಮಣ್ಣು ಎಲ್ಲವೂ ಮಳೆಗಾಲದಲ್ಲಿ ಕೆಳಗಿಳಿಯುತ್ತವೆ.

ಆದ್ದರಿಂದ ಈ ಮಳೆಗಾಲಕ್ಕೆ ನಮ್ಮ ಬಳಗ ಒಂದು ಚಿಕ್ಕ ಕೆಲಸವನ್ನು ಹೈಸ್ಕೂಲು ಮತ್ತು ಪಿ.ಯು. ವಿದ್ಯಾರ್ಥಿಗಳ ಮುಂದೆ ಇಡುತ್ತಿದೆ. ತುಂಗೆ, ಭದ್ರೆ, ವೇದಾವತಿಗಳಿಗೆ ಸೇರುವ ನಿಮ್ಮೂರ ಹಳ್ಳದ ನೀರನ್ನು ವಾರಕ್ಕೊಮ್ಮೆ ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ತುಂಬಿಸಿ. ಹಳ್ಳಕ್ಕೆ ಇಳಿಯಬೇಡಿ, ದೊಡ್ಡವರ ಜತೆ ಹೋಗಿ, ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿದ ಬಕೇಟಿನಲ್ಲಿ ಎತ್ತಿ. ಒಂದು ಹಗಲು, ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣಿನ ಎತ್ತರವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆಯಿರಿ. ಎಲ್ಲ ವಾರವೂ ಒಂದೇ ಬಗೆಯ ಬಾಟಲಿ ಇರಲಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ದಿನಾಂಕ, ಹಿಂದಿನ ದಿನದ ಮಳೆ, ಮೇಲಿನ ಗುಡ್ಡದಲ್ಲಿ ಹೊಸದಾಗಿ ಮಣ್ಣು ಕೆದಕಿದ ಜಾಗವಿದ್ದರೆ ಅದು, ಇಷ್ಟನ್ನು ನೋಟ್‌ಪುಸ್ತಕದಲ್ಲಿ ಬರೆದು ನಮಗೆ ಕಳುಹಿಸಿ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಶಾಲೆಗಳಿಗೂ ಈ ಸಂಚಿಕೆಯನ್ನು ಕಳುಹಿಸುತ್ತಿದ್ದೇವೆ. ಅಲ್ಲಿನ ಮಕ್ಕಳು ಕಾಲುವೆಯ ನೀರನ್ನು ಅದೇ ಬಾಟಲಿಯಲ್ಲಿ, ಅದೇ ವಾರಗಳಲ್ಲಿ ಅಳೆಯಲಿ. ಎರಡೂ ಕಡೆಯ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡುತ್ತೇವೆ. ಇಲ್ಲಿನ ಬಾಟಲಿ ಕೆಂಪಾಗಿದ್ದು ಅಲ್ಲಿನ ಬಾಟಲಿ ತಿಳಿಯಾಗಿದ್ದರೆ, ನಡುವಿನ ಮಣ್ಣು ಎಲ್ಲಿ ಕೂತಿತು ಎಂದು ಮಕ್ಕಳೇ ಕೇಳುತ್ತಾರೆ.